ಎರಡಕ್ಷರ, ನಡುವೆ ಒಂದು ಗೀಟು: ಗಿಡ್ಡ ಹೈಫನ್ ಡೊಮೇನ್ ಕೊಂಡು ಮಾರುವ ಬಗೆ

ಡಾಟ್ ಕಾಂನಲ್ಲಿ ಬರೀ ಎರಡು ಇಂಗ್ಲಿಷ್ ಅಕ್ಷರದ ಹೆಸರುಗಳು ಒಟ್ಟು 676. ಮೂರಕ್ಷರದವು 17,576. ಒಂದು ಅಕ್ಷರ, ಹೈಫನ್, ಮತ್ತೊಂದು ಅಕ್ಷರ ಎಂಬ ಜಾತಿಯವೂ 676 ದಾಟುವುದಿಲ್ಲ. ಅಂಕಿಗಳನ್ನೂ ಸೇರಿಸಿಕೊಂಡರೆ 1,296. ಲೆಕ್ಕವನ್ನೇ ನಂಬಿದರೆ ಹೈಫನ್ ಇರುವ ಈ ಪುಟ್ಟ ಹೆಸರು ಮೂರಕ್ಷರದ್ದಕ್ಕಿಂತ 26 ಪಟ್ಟು ಅಪರೂಪ, ಅಷ್ಟಲ್ಲದಿದ್ದರೂ ಒಂದೆರಡು ಪಟ್ಟಾದರೂ ಹೆಚ್ಚು ಬೆಲೆ ಬಾಳಬೇಕು. ಬಾಳುವುದಿಲ್ಲ. 2010ರಲ್ಲಿ ಎಫ್‌ಬಿ ಡಾಟ್ ಕಾಂ ಹೆಸರಿಗಾಗಿ ಫೇಸ್‌ಬುಕ್ ಅಮೆರಿಕದ ಫಾರ್ಮ್ ಬ್ಯೂರೋ ಸಂಸ್ಥೆಗೆ ಕೊಟ್ಟದ್ದು 85 ಲಕ್ಷ ಡಾಲರ್. ಅಂಥ ಎರಡಕ್ಷರದ ನಡುವೆ ಹೈಫನ್ ಬಿದ್ದ ಹೆಸರು ಆ ಮೊತ್ತದ ಹತ್ತಿರಕ್ಕೂ ಸುಳಿಯದು. ಈ ವ್ಯಾಪಾರಕ್ಕೆ ಹೊಸದಾಗಿ ಇಳಿದವರು ಕೈ ಸುಟ್ಟುಕೊಳ್ಳುವುದು ಇಲ್ಲೇ: ಅಪರೂಪದ್ದೆಲ್ಲ ದುಬಾರಿ ಎಂದುಕೊಂಡು ಹತ್ತಿಪ್ಪತ್ತು ಹೆಸರು ಕೊಂಡು, ವರ್ಷ ವರ್ಷ ನವೀಕರಣದ ದುಡ್ಡು ಕಟ್ಟುತ್ತ ಕೂರುವುದು.

ಹಾಗಿದ್ದೂ ಕೆಲವು ಗಿಡ್ಡ ಹೈಫನ್ ಹೆಸರುಗಳು ಒಳ್ಳೆಯ ಬೆಲೆಗೆ ಹೋಗುತ್ತವೆ. ಅವನ್ನು ಕೊಂಡು, ಇಟ್ಟುಕೊಂಡು, ಮಾರಿ ನೋಡಿದ ಮೇಲೆ ಹೇಳುವುದಾದರೆ ಆ ಬೆಲೆ ಹೈಫನ್ನಿನದ್ದಲ್ಲ. ಆ ಹೆಸರನ್ನು ಹೈಫನ್ ಸಮೇತ ಈಗಾಗಲೇ ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ವ್ಯಾನಿನ ಬಾಗಿಲ ಮೇಲೆ ಬರೆದುಕೊಂಡಿರುವವರು ಎಷ್ಟು ಮಂದಿ ಎಂಬುದರ ಬೆಲೆ ಅದು. ಯಾರೂ ಬರೆಯುತ್ತಿಲ್ಲವಾದರೆ ಹೆಸರು ಕಸ. ಒಬ್ಬರೇ ಬರೆಯುತ್ತಿದ್ದರೆ ಅದು ಅವರ ಟ್ರೇಡ್‌ಮಾರ್ಕ್, ಮುಟ್ಟಿದರೆ ಕೇಸು. ಹತ್ತಾರು ಮಂದಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರೆಯುತ್ತಿದ್ದರೆ ಮಾತ್ರ ಅದು ಸರಕು. ಮುಂದಿನ ಕೆಲಸವೆಲ್ಲ ಈ ತಲೆ ಎಣಿಕೆಯ ಸುತ್ತಲೇ ಸುತ್ತುತ್ತದೆ.

ಹೈಫನ್ ಹಾಕಿಯೇ ಹೆಸರು ಬರೆಯುವವರು ಮೂರು ಬಗೆ. ಮೊದಲನೆಯವರು ಬ್ರ್ಯಾಂಡಿನ ಹೆಸರಲ್ಲೇ ಹೈಫನ್ ಇಟ್ಟುಕೊಂಡವರು: ಕೋಕಾ-ಕೋಲಾ, ಮರ್ಸಿಡಿಸ್-ಬೆಂಝ್, ಹಾರ್ಲೆ-ಡೇವಿಡ್ಸನ್, 7-ಇಲೆವೆನ್, ಎಫ್-ಸೆಕ್ಯೂರ್. ಮನೆಯ ವೈಫೈ ಡಬ್ಬಿಯ ಮೇಲೆ ಕಾಣುವ ಟಿಪಿ-ಲಿಂಕ್ ಕೂಡ ಈ ಸಾಲಿನದೇ, ಅದರ ತಾಣದ ವಿಳಾಸದಲ್ಲೂ ಹೈಫನ್ ಇದೆ. ಎರಡನೆಯವರು ‘ಆ್ಯಂಡ್’ ಚಿಹ್ನೆಯವರು. ಇಂಗ್ಲಿಷ್ ಲಿಪಿಯ ಡೊಮೇನ್ ಹೆಸರಿನಲ್ಲಿ ಅಕ್ಷರ, ಅಂಕಿ, ಹೈಫನ್ ಬಿಟ್ಟು ಬೇರೇನೂ ನಿಲ್ಲುವುದಿಲ್ಲ; ‘&’ ಹಾಕುವಂತೆಯೇ ಇಲ್ಲ. ಇಬ್ಬರು ಪಾಲುದಾರರ ಮೊದಲಕ್ಷರ ಸೇರಿಸಿ ‘ಎಂ & ಕೆ’ ಎಂದು ಸಂಸ್ಥೆ ಕಟ್ಟಿದವರಿಗೆ ಎರಡಕ್ಷರದ ಹೆಸರು ಸಿಗುವ ಮಾತಿಲ್ಲ, ಸಿಕ್ಕರೂ ಕೊಳ್ಳುವ ಶಕ್ತಿ ಇರುವುದಿಲ್ಲ. ಆಗ ಹೈಫನ್ನೇ ಆಸರೆ. ಯುರೋಪಿನ ಬಟ್ಟೆ ಅಂಗಡಿ ಸಿ&ಎ ನಡೆಸುವ ತಾಣದ ಹೆಸರು ‘ಸಿ-ಆ್ಯಂಡ್-ಎ ಡಾಟ್ ಕಾಂ’, ಅದರಲ್ಲಿ ಎರಡೆರಡು ಹೈಫನ್. ವಕೀಲರ ಕಚೇರಿ, ಆಡಿಟರುಗಳ ಸಂಸ್ಥೆ, ವಾಸ್ತುಶಿಲ್ಪಿಗಳ ಸ್ಟುಡಿಯೋ ಇಂಥ ಕಡೆ ಈ ಜಾತಿಯ ಹೆಸರುಗಳು ದಂಡಿಯಾಗಿವೆ. ಅಕ್ಷರ-ಹೈಫನ್-ಅಕ್ಷರದ ನಿಜವಾದ ಗಿರಾಕಿಗಳು ಇವರೇ.

ಆದರೆ ಹೆಸರಿನಲ್ಲಿ ಹೈಫನ್ ಇದ್ದ ಮಾತ್ರಕ್ಕೆ ವಿಳಾಸದಲ್ಲೂ ಇರಬೇಕೆಂದೇನಿಲ್ಲ. ನಮ್ಮ ಟಿ-ಸೀರೀಸ್ ಹೈಫನ್ ಬಿಟ್ಟೇ ತಾಣ ಇಟ್ಟುಕೊಂಡಿದೆ. ಭಾರತದಲ್ಲಿ ಹೈಫನ್ನನ್ನು ಬಾಯಲ್ಲಿ ಹೇಳುವುದೇ ಒಂದು ಕಷ್ಟ: ಒಬ್ಬರು ‘ಡ್ಯಾಶ್’ ಅನ್ನುತ್ತಾರೆ, ಇನ್ನೊಬ್ಬರು ‘ಮೈನಸ್’ ಅನ್ನುತ್ತಾರೆ, ಕೇಳಿಸಿಕೊಂಡವರು ಅಂಡರ್‌ಸ್ಕೋರ್ ಒತ್ತಿರುತ್ತಾರೆ. ಇಲ್ಲಿ ಹೈಫನ್ ಹೆಸರಿಗೆ ಗಿರಾಕಿ ಕಡಿಮೆ ಇರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಮೂರನೆಯ ಬಗೆಯವರು ಭಾಷೆಯೇ ಹೈಫನ್ ಕೇಳುವ ಊರಿನವರು, ಅಂದರೆ ಜರ್ಮನರು. ಈ ಜಾತಿಯ ಹೆಸರಿಗೆ ಬೆಲೆ ಎಲ್ಲಿದೆ ಎಂದು ನೋಡಬೇಕಾದರೆ ಜರ್ಮನಿಯ ಡಾಟ್ ಡಿಇ ನೋಡಬೇಕು. ಜರ್ಮನ್ ಭಾಷೆಯಲ್ಲಿ ಒಂಟಿ ಅಕ್ಷರವೋ ಸಂಕ್ಷಿಪ್ತ ರೂಪವೋ ಪದಕ್ಕೆ ಸೇರಿದರೆ ನಡುವೆ ಹೈಫನ್ ಹಾಕುವುದೇ ಶುದ್ಧ ಬರವಣಿಗೆ. ಇ-ಮೇಲ್, ಟಿ-ಶರ್ಟ್, ಇ-ಬೈಕ್, ನೆಲದಡಿಯ ರೈಲು ಊ-ಬಾನ್, ನಗರದ ರೈಲು ಎಸ್-ಬಾನ್, ವಾಹನ ವಿಮೆಗೆ ‘ಕೆಎಫ್‌ಝಡ್-’ ಎಂದು ಶುರುವಾಗುವ ಪದ, ಎಲ್ಲದರಲ್ಲೂ ಹೈಫನ್. ಶಾಲೆಯಲ್ಲಿ ಕಲಿತದ್ದನ್ನೇ ಅವರು ಬ್ರೌಸರಿನಲ್ಲೂ ಒತ್ತುತ್ತಾರೆ. ಡಾಯ್ಚ ಟೆಲಿಕಾಂ ಕಟ್ಟಿ, 2015ರಲ್ಲಿ ಸ್ಟ್ರೋಯರ್ ಸಂಸ್ಥೆಗೆ ಮಾರಿದ ಟಿ-ಆನ್‌ಲೈನ್ ಡಾಟ್ ಡಿಇ ಎಂಬ ಸುದ್ದಿತಾಣ ಆ ದೇಶದ ಮನೆಮನೆಗೂ ಗೊತ್ತು. ಅಲ್ಲಿ ಹೈಫನ್ ಎಂದರೆ ಸಿಗದ ಹೆಸರಿಗೆ ಬದಲಿ ಎಂಬ ಕೀಳರಿಮೆ ಅಷ್ಟಾಗಿ ಇಲ್ಲ. ಫೋನಿನಲ್ಲಿ ‘ಮಿನುಸ್’ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ.

ಡಾಟ್ ಡಿಇಯಲ್ಲಿ ಗಿಡ್ಡ ಹೈಫನ್ ಹೆಸರುಗಳಿಗೆ ಬೇಡಿಕೆ ಹುಟ್ಟಿದ್ದಕ್ಕೆ ಇನ್ನೊಂದು ಹಳೆಯ ಕಾರಣವೂ ಇದೆ. ಫ್ರಾಂಕ್‌ಫರ್ಟಿನಲ್ಲಿರುವ ಡೆನಿಕ್ ಎಂಬ ಸಹಕಾರಿ ಸಂಸ್ಥೆ ಡಾಟ್ ಡಿಇ ನೋಡಿಕೊಳ್ಳುತ್ತದೆ. 2009ರವರೆಗೂ ಅದರ ನಿಯಮ ಕಟ್ಟುನಿಟ್ಟು: ಹೆಸರಿನಲ್ಲಿ ಕನಿಷ್ಠ ಮೂರು ಚಿಹ್ನೆ ಇರಬೇಕು. ಡಾಯ್ಚ ಬಾನ್ ರೈಲ್ವೆಯ ಡಿಬಿ ಡಾಟ್ ಡಿಇಯಂಥ ಬೆರಳೆಣಿಕೆಯ ಹಳೆಯ ಹೆಸರು ಬಿಟ್ಟರೆ ಎರಡಕ್ಷರದ್ದು ಯಾರಿಗೂ ಸಿಗುತ್ತಿರಲಿಲ್ಲ. ಎರಡು ಮೊದಲಕ್ಷರಗಳ ಸಂಸ್ಥೆಗೆ ತನ್ನ ಹೆಸರಿಟ್ಟುಕೊಳ್ಳಲು ಇದ್ದ ಅತಿ ಗಿಡ್ಡ ದಾರಿ ಎಂದರೆ ನಡುವೆ ಹೈಫನ್ ತೂರಿಸಿ ಮೂರು ಮಾಡುವುದು. ಮೂರಕ್ಷರದ ಬಿಎಂಡಬ್ಲ್ಯುಗೆ ತನ್ನ ಹೆಸರು ಸಿಕ್ಕಿತ್ತು, ವಿಡಬ್ಲ್ಯು ಎಂಬ ಎರಡಕ್ಷರದ ಫೋಕ್ಸ್‌ವಾಗನ್‌ಗೆ ಸಿಕ್ಕಿರಲಿಲ್ಲ. ಫೋಕ್ಸ್‌ವಾಗನ್ ಕೋರ್ಟಿಗೆ ಹೋಯಿತು. 2008ರಲ್ಲಿ ಫ್ರಾಂಕ್‌ಫರ್ಟಿನ ಮೇಲ್ಮನವಿ ನ್ಯಾಯಾಲಯ ಅದರ ಪರವಾಗಿ ತೀರ್ಪು ಕೊಟ್ಟಿತು. ಬಳಿಕ 2009ರ ಅಕ್ಟೋಬರ್ 23ರಂದು ಡೆನಿಕ್ ಒಂದಕ್ಷರ, ಎರಡಕ್ಷರ, ಬರೀ ಅಂಕಿ ಎಲ್ಲವನ್ನೂ ತೆರೆದಿಟ್ಟಿತು. ಆ ದಿನದಿಂದ ಅಕ್ಷರ-ಹೈಫನ್-ಅಕ್ಷರದ ಏಕಸ್ವಾಮ್ಯ ಹೋಯಿತು. ಆದರೂ ಆ ಹೊತ್ತಿಗಾಗಲೇ ಹೈಫನ್ ಹೆಸರಿನ ಮೇಲೆ ಮಿಂಚಂಚೆ, ವಿಸಿಟಿಂಗ್ ಕಾರ್ಡು, ಬಿಲ್ ಪುಸ್ತಕ ಎಲ್ಲ ಮಾಡಿಸಿಕೊಂಡವರು ಬದಲಾಯಿಸಲು ಹೋಗಲಿಲ್ಲ. ಅದೇ ಅಕ್ಷರ ಜೋಡಿಯ ಇನ್ನೊಂದು ಸಂಸ್ಥೆ ಇವತ್ತು ಡಾಟ್ ಡಿಇ ಹುಡುಕಿಕೊಂಡು ಬಂದರೆ ಎದುರಿಗಿರುವ ಆಯ್ಕೆ ಎರಡೇ: ಮುಗಿಲು ಮುಟ್ಟುವ ಬೆಲೆಯ ಎರಡಕ್ಷರದ್ದು, ಇಲ್ಲವೇ ನಮ್ಮ ಕೈಯಲ್ಲಿರುವುದು.

ಗೂಗಲ್ಲಿನ ಪಾತ್ರವನ್ನೂ ಇಲ್ಲಿ ಹೇಳಿಬಿಡಬೇಕು. ಹೈಫನ್ನನ್ನು ಅದು ಪದಗಳ ನಡುವಿನ ಜಾಗದಂತೆ ಓದುತ್ತಿದ್ದುದರಿಂದ, ಹುಡುಕುವ ಪದವನ್ನೇ ಹೈಫನ್ ಹಾಕಿ ಡೊಮೇನ್ ಮಾಡಿದರೆ ಫಲಿತಾಂಶದಲ್ಲಿ ಮೇಲೆ ಬರಬಹುದು ಎಂಬ ನಂಬಿಕೆ ಬಹುಕಾಲ ಇತ್ತು. 2012ರ ಸೆಪ್ಟೆಂಬರ್ ಕೊನೆಯಲ್ಲಿ ಗೂಗಲ್, ಬರೀ ಹೆಸರಿನ ಬಲದಿಂದ ಮೇಲೆ ಕೂತಿದ್ದ ಸತ್ವವಿಲ್ಲದ ತಾಣಗಳನ್ನು ಕೆಳಗಿಳಿಸಿತು. ಉದ್ದದ, ಮೂರು ನಾಲ್ಕು ಹೈಫನ್ನಿನ ಹೆಸರುಗಳ ಕಥೆ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಹಿಂದಿನ ಮಾರಾಟದ ಬೆಲೆಗಳನ್ನು ಇವತ್ತಿನ ಹೋಲಿಕೆಗೆ ಹಿಡಿಯಬಾರದು. ಇದೇ ರೀತಿ 2015ರ ಸುಮಾರಿಗೆ ಚೀನಾದ ಕೊಳ್ಳುಗರು ಗಿಡ್ಡ ಹೆಸರುಗಳ ಬೆಲೆಯನ್ನು ಆಕಾಶಕ್ಕೇರಿಸಿದಾಗ ಅವರು ಬೆನ್ನು ಹತ್ತಿದ್ದು ಅಂಕಿಗಳನ್ನು ಮತ್ತು ಸ್ವರಗಳೂ ‘ವಿ’ ಅಕ್ಷರವೂ ಇಲ್ಲದ ಜೋಡಣೆಗಳನ್ನು. ಹೈಫನ್ನಿಗೆ ಆ ಅಲೆಯಲ್ಲಿ ಜಾಗವಿರಲಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಒಂದು ಹೆಸರು ಕಣ್ಣಿಗೆ ಬಿದ್ದಾಗ ಮೊದಲು ಅದು ನಿಯಮಕ್ಕೆ ಒಗ್ಗುತ್ತದೆಯೇ ನೋಡಬೇಕು. ಹೈಫನ್ ಮೊದಲಲ್ಲಾಗಲಿ ಕೊನೆಯಲ್ಲಾಗಲಿ ಇರುವಂತಿಲ್ಲ. ಒಟ್ಟು ಉದ್ದ 63 ಮೀರುವಂತಿಲ್ಲ. ಗಿಡ್ಡ ಹೆಸರಿಗೆ ಅದರ ಚಿಂತೆ ಇಲ್ಲ. ಬಹಳ ಮಂದಿಗೆ ಗೊತ್ತಿಲ್ಲದ ನಿಯಮ ಇನ್ನೊಂದಿದೆ: ಮೂರನೆಯ ಮತ್ತು ನಾಲ್ಕನೆಯ ಸ್ಥಾನ ಎರಡರಲ್ಲೂ ಹೈಫನ್ ಬರುವಂತಿಲ್ಲ. ಆ ಜಾಗ ಇಂಗ್ಲಿಷೇತರ ಲಿಪಿಗಳಿಗೆ ಮೀಸಲು. ಕನ್ನಡ ಲಿಪಿಯ ‘ಡಾಟ್ ಭಾರತ’ ಕೂಡ ಡಿಎನ್‌ಎಸ್ (ಹೆಸರನ್ನು ಸರ್ವರಿಗೆ ಜೋಡಿಸುವ ವ್ಯವಸ್ಥೆ) ಒಳಗೆ ‘ಎಕ್ಸ್‌ಎನ್’ ಎಂಬ ಎರಡಕ್ಷರ, ಆಮೇಲೆ ಜೋಡಿ ಹೈಫನ್, ಆಮೇಲೆ ಒಂದಿಷ್ಟು ಅಕ್ಷರ-ಅಂಕಿಗಳ ಸಾಲಾಗಿಯೇ ಓಡಾಡುತ್ತದೆ. ಹಾಗಾಗಿ ಎರಡಕ್ಷರ, ಎರಡು ಹೈಫನ್, ಮತ್ತೊಂದು ಅಕ್ಷರ ಎಂಬ ಹೆಸರು ‘ಖಾಲಿ ಇದೆ’ ಎಂದು ಯಾವುದೋ ಪಟ್ಟಿಯಲ್ಲಿ ಕಂಡರೆ ಹಿಗ್ಗಬೇಕಿಲ್ಲ. ಅದನ್ನು ನೋಂದಾಯಿಸಲು ಬರುವುದೇ ಇಲ್ಲ.

ಆಮೇಲೆ ತಲೆ ಎಣಿಕೆ. ಗೂಗಲ್ ಹುಡುಕಾಟದಲ್ಲಿ ಹೈಫನ್ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಎರಡಕ್ಷರ ಒತ್ತಿದರೆ ಲಕ್ಷಗಟ್ಟಲೆ ಕಸ ಬರುತ್ತದೆ. ಹೆಸರಿನ ಮುಂದೆ ಸಂಸ್ಥೆಯ ಬಾಲ ಸೇರಿಸಬೇಕು: ಜರ್ಮನಿಗೆ ‘ಜಿಎಂಬಿಎಚ್’, ಬ್ರಿಟನ್‌ಗೆ ‘ಲಿಮಿಟೆಡ್’, ಭಾರತಕ್ಕೆ ‘ಪ್ರೈವೇಟ್ ಲಿಮಿಟೆಡ್’ ಅಥವಾ ‘ಅಸೋಸಿಯೇಟ್ಸ್’. ಜರ್ಮನಿಯ ವಾಣಿಜ್ಯ ನೋಂದಣಿ, ಯುರೋಪಿನ ಟಿಎಂವ್ಯೂ ಟ್ರೇಡ್‌ಮಾರ್ಕ್ ಕೋಶ, ನಮ್ಮಲ್ಲಾದರೆ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಕಂಪನಿ ಹುಡುಕಾಟ, ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಸಾರ್ವಜನಿಕ ಹುಡುಕಾಟ, ಇವೆಲ್ಲ ಪುಕ್ಕಟೆ. ಹೈಫನ್ ಇಟ್ಟು ಒಮ್ಮೆ, ‘&’ ಇಟ್ಟು ಒಮ್ಮೆ, ‘+’ ಇಟ್ಟು ಇನ್ನೊಮ್ಮೆ ಹುಡುಕಬೇಕು; ಜರ್ಮನ್ ವಾಸ್ತುಶಿಲ್ಪಿಗಳಿಗೆ ಅಧಿಕ ಚಿಹ್ನೆ ಎಂದರೆ ಅದೇನೋ ಮೋಹ. ಅದಾದ ಮೇಲೆ ಅದೇ ಹೈಫನ್ ಹೆಸರು ಡಾಟ್ ನೆಟ್, ಡಾಟ್ ಆರ್ಗ್, ಆಸ್ಟ್ರಿಯಾದ ಡಾಟ್ ಎಟಿ, ಸ್ವಿಟ್ಜರ್ಲೆಂಡಿನ ಡಾಟ್ ಸಿಎಚ್, ಡಾಟ್ ಇಯುಗಳಲ್ಲಿ ಯಾರ ಬಳಿ ಇದೆ ಎಂದು ತೆರೆದು ನೋಡುವುದು. ಪಾರ್ಕ್ ಮಾಡಿಟ್ಟ ಪುಟ, ಅಂದರೆ ತಾಣವಿಲ್ಲದೆ ಬರೀ ಜಾಹೀರಾತೋ ‘ಮಾರಾಟಕ್ಕಿದೆ’ ಎಂಬ ಸಾಲೋ ಇರುವ ಪುಟ ಕಂಡರೆ ಅಲ್ಲಿ ಕುಳಿತಿರುವುದು ನಮ್ಮಂಥ ಇನ್ನೊಬ್ಬ ವ್ಯಾಪಾರಿ, ಅದನ್ನು ಎಣಿಸಬಾರದು. ಬೇರೆ ಬೇರೆ ಊರಿನ ಮೂರು ನಾಲ್ಕು ಜೀವಂತ ಸಂಸ್ಥೆಗಳು ಕಂಡರೆ ಮುಂದುವರಿಯಬಹುದು. ಒಂದೇ ಬ್ರ್ಯಾಂಡ್ ಎಲ್ಲವನ್ನೂ ಹಿಡಿದಿಟ್ಟುಕೊಂಡಿದ್ದರೆ ಅಲ್ಲಿಗೇ ಕೈಬಿಡಬೇಕು.

ಎಲ್ಲ ಅಕ್ಷರವೂ ಒಂದೇ ತೂಕವಲ್ಲ. ಜರ್ಮನ್ ಅಡ್ಡಹೆಸರುಗಳಲ್ಲಿ ಎಸ್, ಎಂ, ಬಿ, ಕೆ, ಎಚ್ ಮೊದಲಕ್ಷರವಾಗಿ ತುಂಬ ಬರುತ್ತವೆ. ಕ್ಯು, ವೈ, ಎಕ್ಸ್ ಅಪರೂಪ. ಎರಡೂ ಕಡೆ ಸಾಮಾನ್ಯ ಅಕ್ಷರವಿರುವ ಜೋಡಿಗೆ ಗಿರಾಕಿ ಹೆಚ್ಚು. ಮುಂದೆ ‘ಇ’ ಇದ್ದು ಹಿಂದೆ ಪೂರ್ತಿ ಪದ ಬಂದರೆ ಅದರ ಲೆಕ್ಕವೇ ಬೇರೆ, ಅಲ್ಲಿ ಪದದ ಬೆಲೆ ನಡೆಯುತ್ತದೆ.

ಹಿಂದಿನ ಮಾರಾಟಗಳ ಬೆಲೆ ನೋಡಲು ನೇಮ್‌ಬಯೋ ಕೋಶ ಸಾಕು. ಅಲ್ಲಿ ಹೈಫನ್ ಇರುವವನ್ನಷ್ಟೇ ಸೋಸಿ, ಅದೇ ವಿಸ್ತರಣೆ (ಡಾಟ್ ಕಾಂ, ಡಾಟ್ ಡಿಇ ತರಹದ ಬಾಲ), ಅದೇ ಉದ್ದ, ಕಳೆದ ಐದು ವರ್ಷ ಎಂದು ಇಕ್ಕಟ್ಟು ಮಾಡಿಕೊಳ್ಳಬೇಕು. ಸಿಗುವ ಸಾಲುಗಳಲ್ಲಿ ಹರಾಜಿನಲ್ಲಿ ವ್ಯಾಪಾರಿಗೆ ವ್ಯಾಪಾರಿ ಮಾರಿದ್ದು ಯಾವುದು, ಬಳಸುವ ಸಂಸ್ಥೆಗೆ ಹೋದದ್ದು ಯಾವುದು ಎಂದು ಬಿಡಿಸಿ ನೋಡುವುದೇ ಮುಖ್ಯ ಕೆಲಸ. ಮಾರಾಟವಾಗಿ ಒಂದು ವರ್ಷದ ಮೇಲೂ ಪಾರ್ಕಿಂಗ್ ಪುಟವೇ ಇದ್ದರೆ ಅದು ಸಗಟು ಬೆಲೆ. ತಾಣ ಎದ್ದಿದ್ದರೆ ಚಿಲ್ಲರೆ ಬೆಲೆ. ಎರಡರ ನಡುವೆ ಹತ್ತು ಪಟ್ಟು ಅಂತರ ಕಂಡರೂ ಆಶ್ಚರ್ಯಪಡಬೇಕಿಲ್ಲ. ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರುಗಳು ಕೊಡುವ ಉಚಿತ ಮೌಲ್ಯಮಾಪನ ಯಂತ್ರಗಳನ್ನು ಈ ಜಾತಿಗೆ ನಂಬಲೇಬಾರದು. ಅವು ಉದ್ದ ನೋಡುತ್ತವೆ, ಪದ ನೋಡುತ್ತವೆ, ಹೈಫನ್ ಇರುವ ಒಂಟಿ ಅಕ್ಷರಗಳ ಮುಂದೆ ಬೆಪ್ಪಾಗುತ್ತವೆ. ನಮ್ಮ ಅಂದಾಜಿನಲ್ಲಿ ಡಾಟ್ ಕಾಂನಲ್ಲಿ ಹೈಫನ್ ರೂಪ ತನ್ನ ಹೈಫನ್ ಇಲ್ಲದ ಜೋಡಿಯ ಬೆಲೆಯ ಹತ್ತರಲ್ಲೊಂದು ಪಾಲು ಮುಟ್ಟಿದರೆ ದೊಡ್ಡದು. ಡಾಟ್ ಡಿಇಯಲ್ಲಿ ಪದಗಳ ವಿಷಯದಲ್ಲಿ ಇದಕ್ಕಿಂತ ಬಹಳ ಚೆನ್ನಾಗಿರುತ್ತದೆ.

ಹೆಸರಿನ ಪೂರ್ವಾಪರ ವಿಚಾರಿಸದೆ ದುಡ್ಡು ಬಿಚ್ಚಬಾರದು. ಹೈಫನ್ ಹೆಸರುಗಳನ್ನು ಮೋಸಗಾರರು ಬಹಳ ಬಳಸಿದ್ದಾರೆ: ಬ್ಯಾಂಕಿನ ಹೆಸರು, ಹೈಫನ್, ‘ಲಾಗಿನ್’ ಎಂಬ ಬಾಲ. ನಮ್ಮ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿದ್ದೂ ಇಂಥ ನಕಲಿ ವಿಳಾಸಗಳ ಕಾಟಕ್ಕೇ. ಹಾಗಾಗಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹಳೆಯ ಪುಟಗಳನ್ನು ವರ್ಷಕ್ಕೊಂದರಂತೆ ತೆಗೆದು ನೋಡಬೇಕು, ಸ್ಪ್ಯಾಮ್‌ಹೌಸ್ ಕಪ್ಪುಪಟ್ಟಿಯಲ್ಲಿ ಹುಡುಕಬೇಕು. ನಡುವೆ ಎರಡು ವರ್ಷ ಜೂಜಿನ ಪುಟ ಇದ್ದದ್ದು ಕಂಡರೆ ಬೆಲೆ ಅರ್ಧಕ್ಕಿಳಿಸಿ ಮಾತಾಡಬಹುದು. ಮಿಂಚಂಚೆಯ ಕಪ್ಪುಪಟ್ಟಿಯಲ್ಲಿದ್ದರೆ ಬಿಟ್ಟುಬಿಡುವುದೇ ಮೇಲು. ಕೊಂಡ ಸಂಸ್ಥೆಯ ಮೊದಲ ಇನ್‌ವಾಯ್ಸೇ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದರೆ ಅವರು ಬಂದು ನಿಲ್ಲುವುದು ನಮ್ಮ ಬಾಗಿಲಿಗೆ.

ಡಾಟ್ ಡಿಇ ಆದರೆ ಇನ್ನೊಂದು ಪರೀಕ್ಷೆ ಕಡ್ಡಾಯ. ಹೆಸರಿನ ಮೇಲೆ ಹಕ್ಕಿದೆ ಎನ್ನುವವರು ಡೆನಿಕ್‌ನಲ್ಲಿ ‘ಡಿಸ್ಪ್ಯೂಟ್’ ಎಂಬ ಟಿಪ್ಪಣಿ ಹಾಕಿಸಿಕೊಳ್ಳಬಹುದು. ಅದಿರುವಷ್ಟು ಕಾಲ ಹೆಸರನ್ನು ಮೂರನೆಯವರಿಗೆ ವರ್ಗಾಯಿಸಲು ಬರುವುದಿಲ್ಲ, ಈಗಿನ ಮಾಲೀಕ ಕೈಬಿಟ್ಟರೆ ಅದು ನೇರ ತಕರಾರುದಾರರ ಪಾಲು. ಜರ್ಮನ್ ನಾಗರಿಕ ಸಂಹಿತೆಯ 12ನೇ ಕಲಮು ವ್ಯಕ್ತಿಗೂ ಸಂಸ್ಥೆಗೂ ಸ್ವಂತ ಹೆಸರಿನ ಹಕ್ಕು ಕೊಡುತ್ತದೆ, ಹಾಗಾಗಿ ಅಡ್ಡಹೆಸರಿನಂತೆ ಕಾಣುವ ಡೊಮೇನ್ ಮುಟ್ಟುವಾಗ ಎರಡು ಸಲ ಯೋಚಿಸಬೇಕು. ಭಾರತದಲ್ಲಿ ಕೂತು ಡಾಟ್ ಡಿಇ ಕೊಳ್ಳಲು ಅಡ್ಡಿಯಿಲ್ಲ, ಆದರೆ ಅಗತ್ಯ ಬಿದ್ದಾಗ ಜರ್ಮನಿಯಲ್ಲಿ ನೋಟಿಸು ಸ್ವೀಕರಿಸುವ ಪ್ರತಿನಿಧಿಯನ್ನು ಹೆಸರಿಸಬೇಕಾಗಬಹುದು.

ಕೊಳ್ಳುವ ದಾರಿ ಎರಡು: ಮಾಲೀಕರಿಂದ ನೇರವಾಗಿ, ಇಲ್ಲವೇ ಅವಧಿ ಮುಗಿದಾಗ. ಡಾಟ್ ಕಾಂ ಹೆಸರಿನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ 45 ದಿನದವರೆಗೆ ಇಟ್ಟುಕೊಳ್ಳಬಹುದು. ಅಳಿಸಿದ ಮೇಲೂ 30 ದಿನ ಹಳೆಯ ಮಾಲೀಕ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಯ 5 ದಿನ ಯಾರಿಂದಲೂ ಏನೂ ಮಾಡಲಾಗದು. ಆಮೇಲೆ ಹೆಸರು ಬಯಲಿಗೆ ಬೀಳುತ್ತದೆ. ಆದರೆ ಬೆಲೆ ಇರುವ ಹೆಸರು ಬಯಲಿಗೆ ಬೀಳುವ ಹಂತ ತಲುಪುವುದೇ ಅಪರೂಪ, ರಿಜಿಸ್ಟ್ರಾರುಗಳು ಮೊದಲ 45 ದಿನದೊಳಗೇ ಹರಾಜಿಗೆ ಇಟ್ಟುಬಿಡುತ್ತಾರೆ. ಹರಾಜಿನಲ್ಲಿ ಗೆದ್ದ ಮೇಲೂ ನಿಶ್ಚಿಂತೆ ಇಲ್ಲ: ಗೆದ್ದವರ ಖಾತೆಗೆ ಬರುವ ಮುನ್ನ ಹಳೆಯ ಮಾಲೀಕ ಎಚ್ಚೆತ್ತು ನವೀಕರಿಸಿದರೆ ವ್ಯಾಪಾರ ರದ್ದು, ದುಡ್ಡು ವಾಪಸ್. ಹಾಗಾಗಿ ಹೆಸರು ಖಾತೆಯಲ್ಲಿ ಕಾಣುವವರೆಗೆ ಯಾವ ಗಿರಾಕಿಗೂ ಬಾಯಿ ಬಿಡಬಾರದು. ಹರಾಜಿನ ಕೊನೆಯ ನಿಮಿಷದ ಜಿದ್ದಿನಲ್ಲಿ ಏರಿದ ಬೆಲೆಯನ್ನು ಮಾರುಕಟ್ಟೆ ಬೆಲೆ ಎಂದುಕೊಳ್ಳುವುದೂ ತಪ್ಪು. ಇಬ್ಬರೇ ಹಟಮಾರಿಗಳು ಸಾಕು ಅದಕ್ಕೆ.

ನೇರವಾಗಿ ಕೊಳ್ಳುವಾಗ ಮಾಲೀಕರನ್ನು ಹುಡುಕುವುದೇ ಕಷ್ಟ. 2018ರ ಮೇ 25ರಂದು ಯುರೋಪಿನ ಖಾಸಗಿತನದ ಕಾನೂನು ಜಾರಿಯಾದ ಮೇಲೆ ಡೊಮೇನ್ ಯಾರದೆಂದು ತೋರಿಸುವ ಹೂಈಸ್‌ನಲ್ಲಿ ಹೆಸರು, ಮಿಂಚಂಚೆ ಕಾಣುವುದು ಬಹುಮಟ್ಟಿಗೆ ನಿಂತಿತು. ಡಾಟ್ ಕಾಂ ತರಹದವಕ್ಕೆ 2025ರ ಜನವರಿಯಿಂದ ಹೂಈಸ್ ಬದಲು ಆರ್‌ಡ್ಯಾಪ್ ಬಂದಿದೆ, ಅದರಲ್ಲೂ ಹೆಚ್ಚಾಗಿ ಸಿಗುವುದು ರಿಜಿಸ್ಟ್ರಾರ್ ಹೆಸರು, ತಾರೀಖುಗಳಂಥ ವಿವರಗಳಷ್ಟೇ. ತಾಣ ಜೀವಂತವಿದ್ದರೆ ಜರ್ಮನ್ ತಾಣಗಳ ‘ಇಂಪ್ರೆಸುಂ’ ಪುಟ ನೋಡಿದರಾಯಿತು, ವ್ಯವಹಾರದ ತಾಣವಾದರೆ ನಡೆಸುವವರ ವಿಳಾಸ ಕಾನೂನಿನ ಪ್ರಕಾರ ಅಲ್ಲಿ ಇರಲೇಬೇಕು. ಸತ್ತಿದ್ದರೆ ಆರ್ಕೈವ್‌ನಲ್ಲಿ ಅದೇ ಪುಟದ ಹಳೆಯ ಪ್ರತಿ.

ಕೊಂಡಾದ ಮೇಲೆ, ಮಾರುವವರೆಗೆ ಹೆಸರನ್ನು ಹೇಗೆ ಇಟ್ಟುಕೊಳ್ಳುತ್ತೇವೆ ಎಂಬುದರಲ್ಲಿ ಒಂದು ಅಪಾಯ ಅಡಗಿದೆ. ಗಿಡ್ಡ ಹೈಫನ್ ಹೆಸರಿಗೆ ದಿನವೂ ಬೇರೆಯವರ ಮಿಂಚಂಚೆ ತಪ್ಪಿ ಬರುತ್ತಿರುತ್ತದೆ: ಯಾರದೋ ಬಿಲ್ಲು, ಯಾರದೋ ಸಂಬಳದ ಚೀಟಿ. ಎಲ್ಲ ಅಂಚೆಯನ್ನೂ ಹಿಡಿದುಕೊಳ್ಳುವ ಪೆಟ್ಟಿಗೆ ತೆರೆದಿಟ್ಟು, ಯಾವ ಸಂಸ್ಥೆಗೆ ಈ ಹೆಸರು ಬೇಕು ಎಂದು ಪತ್ತೆ ಮಾಡುವ ‘ಬುದ್ಧಿವಂತರು’ ಈ ವ್ಯಾಪಾರದಲ್ಲಿದ್ದಾರೆ. ಅದು ಅನ್ಯಾಯವೂ ಹೌದು, ನಾಳೆ ತಕರಾರು ಬಂದರೆ ದುರುದ್ದೇಶಕ್ಕೆ ನಾವೇ ಕೊಟ್ಟ ಸಾಕ್ಷಿಯೂ ಹೌದು. ಅಂಚೆಯನ್ನು ಹುಟ್ಟಿನಲ್ಲೇ ನಿಲ್ಲಿಸಬೇಕು. ಡಿಎನ್‌ಎಸ್‌ನಲ್ಲಿ ಅಂಚೆ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯ ಆದ್ಯತೆಗೆ 0, ಸರ್ವರ್ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಹಾಕಿದರೆ ‘ಇಲ್ಲಿ ಅಂಚೆ ತೆಗೆದುಕೊಳ್ಳುವುದಿಲ್ಲ’ ಎಂದರ್ಥ. ಕಳಿಸಿದವರಿಗೆ ತಕ್ಷಣ ತಿರುಗಿ ಹೋಗುತ್ತದೆ, ಅವರಿಗೂ ತಪ್ಪು ತಿಳಿಯುತ್ತದೆ. ಜೊತೆಗೆ ಈ ಹೆಸರಿನಿಂದ ಅಂಚೆ ಕಳಿಸಲು ಯಾರಿಗೆ ಅನುಮತಿ ಎಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ‘ಮೈನಸ್ ಆಲ್’ ಮಾತ್ರ ಇಟ್ಟರೆ ನಮ್ಮ ಹೆಸರಿನಲ್ಲಿ ಬೇರೆ ಯಾರೋ ಸ್ಪ್ಯಾಮ್ ಕಳಿಸಿ ಹೆಸರು ಕೆಡಿಸುವುದಕ್ಕೆ ತಡೆ. ಪಾರ್ಕಿಂಗ್ ಪುಟದಲ್ಲಿ ತಾನಾಗಿ ಬರುವ ಜಾಹೀರಾತುಗಳನ್ನೂ ತೆಗೆದುಬಿಡಬೇಕು, ಅವು ಯಾವುದೋ ಬ್ರ್ಯಾಂಡಿನ ಪ್ರತಿಸ್ಪರ್ಧಿಯದ್ದಾಗಿದ್ದರೆ ಗ್ರಹಚಾರ. ‘ಮಾರಾಟಕ್ಕಿದೆ’ ಎಂಬ ಒಂದು ಸಾಲು ಮತ್ತು ಸಂಪರ್ಕದ ಫಾರಂ ಸಾಕು.

ತಕರಾರು ಎಂದರೆ ಯುಡಿಆರ್‌ಪಿ, ಡೊಮೇನ್ ಜಗಳ ಬಗೆಹರಿಸುವ ಅಂತರರಾಷ್ಟ್ರೀಯ ನಿಯಮ. 1999ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಡಿ ಟ್ರೇಡ್‌ಮಾರ್ಕ್ ಮಾಲೀಕರು ವೈಪೊ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಮುಂದೆ ದೂರು ಕೊಡಬಹುದು; ಒಬ್ಬ ತೀರ್ಪುಗಾರರಿಗೆ 1,500 ಡಾಲರ್ ಶುಲ್ಕ. ನಮ್ಮ ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಎಂಬ ಬೇರೆ ನಿಯಮವಿದೆ, ಡಾಟ್ ಡಿಇಗೆ ಇವೆರಡೂ ಇಲ್ಲ, ಕೋರ್ಟೇ ಗತಿ. ಹೈಫನ್ ಸೇರಿಸಿದ್ದರಿಂದ ಹೆಸರು ಬೇರೆಯಾಯಿತು ಎಂಬ ವಾದ ಯುಡಿಆರ್‌ಪಿಯಲ್ಲಿ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಟ್ರೇಡ್‌ಮಾರ್ಕ್ ಮಾಲೀಕರಿಗೆ ಹೆಚ್ಚಿನ ಬೆಲೆಗೆ ಮಾರುವುದೇ ಮುಖ್ಯ ಉದ್ದೇಶವಾಗಿ ಹೆಸರು ಹಿಡಿದಿದ್ದರೆ ಅದೇ ದುರುದ್ದೇಶ ಎಂದು ನಿಯಮವೇ ಹೇಳುತ್ತದೆ. ಒಂದೇ ಗಿರಾಕಿ ಇರುವ ಹೆಸರನ್ನು ಅವರಿಗೇ ಮಿಂಚಂಚೆ ಬರೆದು ತೋರಿಸುವುದು ತಾನಾಗಿ ತಪ್ಪೊಪ್ಪಿಗೆ ಬರೆದುಕೊಟ್ಟಂತೆ. ಹತ್ತಾರು ಸಂಸ್ಥೆಗಳು ಬರೆಯುವ ಹೆಸರನ್ನು ಕೊಳ್ಳಬೇಕು ಎನ್ನುವುದು ಬೆಲೆಗೆ ಎಷ್ಟೋ, ರಕ್ಷಣೆಗೂ ಅಷ್ಟೇ.

ಮಾರುವಾಗ ಗಿರಾಕಿಯೇ ಬಂದರೆ ಬೆಲೆ ಒಂದು, ನಾವೇ ಹುಡುಕಿಕೊಂಡು ಹೋದರೆ ಇನ್ನೊಂದು. ಹೋಗುವುದಾದರೆ ಪತ್ರ ನಾಲ್ಕು ಸಾಲು ಮೀರಬಾರದು: ಹೆಸರು ಮಾರಾಟಕ್ಕಿದೆ, ನೀವು ಈಗ ಬಳಸುತ್ತಿರುವುದಕ್ಕಿಂತ ಗಿಡ್ಡ, ಎಸ್ಕ್ರೋ (ಹೆಸರು ಕೈಸೇರುವವರೆಗೆ ಹಣ ಹಿಡಿದಿಡುವ ಮಧ್ಯಸ್ಥ ಸಂಸ್ಥೆ) ಮೂಲಕ ವ್ಯವಹಾರ, ಬೇಡವಾದರೆ ಮತ್ತೆ ಬರೆಯುವುದಿಲ್ಲ. ಎಣಿಕೆಯಲ್ಲಿ ಸಿಕ್ಕ ಸಂಸ್ಥೆಗಳಲ್ಲಿ ಉದ್ದನೆಯ ವಿಳಾಸ ಇಟ್ಟುಕೊಂಡವರು ಯಾರು ಎಂದು ಮೊದಲೇ ಗುರುತು ಮಾಡಿಟ್ಟುಕೊಂಡರೆ ಪತ್ರ ಯಾರಿಗೆ ಎಂಬುದು ತಾನಾಗಿ ತಿಳಿಯುತ್ತದೆ. ‘ಬೇರೆಯವರೂ ಕೇಳುತ್ತಿದ್ದಾರೆ’ ಎಂಬ ಸುಳ್ಳು ಬೆದರಿಕೆ ಜರ್ಮನ್ ವಕೀಲರ ಕಚೇರಿಗಳ ಮುಂದೆ ನಡೆಯುವುದಿಲ್ಲ, ಅವರು ಉತ್ತರವನ್ನೇ ಕೊಡುವುದಿಲ್ಲ. ಸೆಡೊದಂಥ ಮಾರುಕಟ್ಟೆಯಲ್ಲಿ ಹಾಕಿದರೆ ಗಿರಾಕಿ ತಾನಾಗಿ ಬರಬಹುದು, ಕಮಿಷನ್ ಎಲ್ಲಿ ಹೇಗೆ ಮಾರಿದೆವು ಎಂಬುದರ ಮೇಲೆ ಸುಮಾರು ಶೇ 10ರಿಂದ 25ರವರೆಗೆ. ಆ ಕಮಿಷನ್ ಸೇರಿಸಿಯೇ ಬೆಲೆ ಹೇಳಬೇಕು.

ಒಪ್ಪಂದದ ಕಾಗದದಲ್ಲಿ ಹೈಫನ್ನನ್ನು ಕಣ್ಣು ಸಣ್ಣ ಮಾಡಿ ನೋಡಬೇಕು. ವರ್ಡ್‌ನಲ್ಲಿ ಸಾಲು ಒಡೆಯದಿರಲಿ ಎಂದು ಹಾಕುವ ಹೈಫನ್ ಕಣ್ಣಿಗೆ ಒಂದೇ ತರಹ ಕಂಡರೂ ಬೇರೆ ಚಿಹ್ನೆ. ಉದ್ದ ಗೀಟು ಇನ್ನೊಂದೇ. ಅದನ್ನು ನಕಲು ಮಾಡಿ ಎಸ್ಕ್ರೋ ಫಾರಂನಲ್ಲಿ ಅಂಟಿಸಿದರೆ ‘ಇಂಥ ಡೊಮೇನ್ ಇಲ್ಲ’ ಎಂದು ಬರುತ್ತದೆ, ಗಿರಾಕಿಗೆ ಅನುಮಾನ ಹುಟ್ಟುತ್ತದೆ. ಸಾಲಿನ ಕೊನೆಯಲ್ಲಿ ಹೆಸರು ಮುರಿದರೆ ಆ ಗೀಟು ಹೆಸರಿನದೋ ಸಾಲು ಒಡೆದದ್ದೋ ಓದುವವರಿಗೆ ತಿಳಿಯದು. ಡೊಮೇನನ್ನು ಒಂದು ಪೂರ್ತಿ ಸಾಲಿನಲ್ಲಿ ಒಂಟಿಯಾಗಿ, ಕೀಬೋರ್ಡಿನಿಂದ ನೇರ ಒತ್ತಿ ಬರೆಯಬೇಕು.

ಹಣ ಎಸ್ಕ್ರೋಗೆ ಸೇರಿದೆ ಎಂದು ಅವರ ತಾಣಕ್ಕೆ ನಾವೇ ಲಾಗಿನ್ ಆಗಿ ಖಚಿತಪಡಿಸಿಕೊಂಡ ಮೇಲಷ್ಟೇ ಹೆಸರು ಬಿಡಬೇಕು. ಮಿಂಚಂಚೆಯಲ್ಲಿ ಬಂದ ಕೊಂಡಿ ಒತ್ತಿ ನೋಡಬಾರದು, ಎಸ್ಕ್ರೋ ಸಂಸ್ಥೆಗಳ ನಕಲಿಗಳಿಗೆ ಬರವಿಲ್ಲ. ಇಬ್ಬರೂ ಒಂದೇ ರಿಜಿಸ್ಟ್ರಾರ್‌ನಲ್ಲಿದ್ದರೆ ಖಾತೆಯಿಂದ ಖಾತೆಗೆ ತಳ್ಳುವುದು ನಿಮಿಷಗಳ ಕೆಲಸ. ಬೇರೆ ಬೇರೆಯಾದರೆ ಡಾಟ್ ಕಾಂಗೆ ಬೀಗ ತೆಗೆದು ಆಥ್ ಕೋಡ್ (ವರ್ಗಾವಣೆಯ ಗುಪ್ತ ಕೋಡ್) ಕೊಟ್ಟ ಮೇಲೆ ಐದು ದಿನದವರೆಗೆ ಹಿಡಿಯಬಹುದು. ಇಲ್ಲಿ ಪದೇ ಪದೇ ಆಗುವ ಎಡವಟ್ಟು ಒಂದೇ: ವರ್ಗಾವಣೆಗೆ ಮೊದಲೇ ಮಾಲೀಕರ ಹೆಸರನ್ನೋ ಮಿಂಚಂಚೆಯನ್ನೋ ಬದಲಾಯಿಸಿಬಿಡುವುದು. ಹಾಗೆ ಮಾಡಿದರೆ 60 ದಿನದ ಬೀಗ ಬೀಳಬಹುದು, ಎಸ್ಕ್ರೋ ಗಡುವು ಮೀರುತ್ತದೆ. ಮೊದಲು ವರ್ಗಾವಣೆ, ಆಮೇಲೆ ವಿವರ. ಹೊಸದಾಗಿ ನೋಂದಾಯಿಸಿದ ಅಥವಾ ಆಗಷ್ಟೇ ವರ್ಗಾವಣೆಯಾಗಿ ಬಂದ ಹೆಸರಿಗೂ ಇದೇ 60 ದಿನದ ತೊಡಕಿದೆ, ಗಿರಾಕಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಡಾಟ್ ಡಿಇಯಲ್ಲಿ ಈ ಬೀಗವಿಲ್ಲ; ಕೋಡ್ 30 ದಿನ ಜೀವಂತವಿರುತ್ತದೆ, ಸರಿಯಾಗಿ ಒತ್ತಿದರೆ ವರ್ಗಾವಣೆ ಬಹುತೇಕ ಆ ಕ್ಷಣದಲ್ಲೇ ಆಗಿಹೋಗುತ್ತದೆ. ಸೊನ್ನೆಯನ್ನು ‘ಓ’ ಎಂದು ಓದಿ ಒತ್ತುವವರಿಗಾಗಿ ಕೋಡನ್ನು ಚಿತ್ರವಾಗಿ ಕಳಿಸದೆ ಪಠ್ಯವಾಗಿಯೇ ಕಳಿಸಬೇಕು.

ಡಿಎನ್‌ಎಸ್ ಉತ್ತರ ನಕಲಿಯಲ್ಲ ಎಂದು ಸಹಿ ಹಾಕುವ ಡಿಎನ್‌ಎಸ್‌ಸೆಕ್ ಹಾಕಿದ್ದರೆ ವರ್ಗಾವಣೆಗೆ ಎರಡು ದಿನ ಮೊದಲೇ ಅದರ ಬೀಗದ ಕೈ ಗುರುತಾದ ಡಿಎಸ್ ದಾಖಲೆ ತೆಗೆದಿಡಬೇಕು. ಡಾಟ್ ಕಾಂನಲ್ಲಿ ಆ ದಾಖಲೆ ಒಂದು ದಿನದವರೆಗೆ ಅಲ್ಲಲ್ಲಿ ನೆನಪಿನಲ್ಲಿ ಉಳಿದಿರುತ್ತದೆ. ಅದು ಹಳೆಯದೇ ಇದ್ದು ನೇಮ್ ಸರ್ವರ್ ಹೊಸದಾದರೆ ಹೆಸರು ಅರ್ಧ ಜಗತ್ತಿಗೆ ಕಾಣುತ್ತದೆ, ಅರ್ಧಕ್ಕೆ ಕಾಣುವುದಿಲ್ಲ. ಕಾಣದ ಅರ್ಧದಲ್ಲಿ ಗಿರಾಕಿಯ ಕಚೇರಿ ಇದ್ದರೆ ಅವರು ಎಸ್ಕ್ರೋದಲ್ಲಿ ‘ಸ್ವೀಕರಿಸಿದೆ’ ಗುಂಡಿ ಒತ್ತುವುದಿಲ್ಲ.

ವಿದೇಶದಿಂದ ಹಣ ಬರುವಾಗ ನಮ್ಮ ಬ್ಯಾಂಕು ಹಣ ಯಾತಕ್ಕೆ ಬಂತೆಂದು ಸೂಚಿಸುವ ಪರ್ಪಸ್ ಕೋಡ್ ಕೇಳುತ್ತದೆ. ಎಸ್ಕ್ರೋ ರಸೀದಿ, ಒಪ್ಪಂದದ ಪ್ರತಿ ಎರಡನ್ನೂ ಪಿಡಿಎಫ್ ಮಾಡಿಟ್ಟುಕೊಂಡರೆ ಶಾಖೆಗೆ ಅಲೆಯುವುದು ತಪ್ಪುತ್ತದೆ. ಕೊಳ್ಳಲು ಕಳಿಸುವ ಹಣಕ್ಕೆ ಮೂಲ ದಾಖಲೆ ಇಟ್ಟುಕೊಳ್ಳದಿದ್ದರೆ ಮಾರಿದ ಮೇಲೆ ಪೂರ್ತಿ ಮೊತ್ತವೇ ಲಾಭದಂತೆ ಕಾಣುತ್ತದೆ, ಆಡಿಟರ್ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಹಣ ಕೈಸೇರಿದ ದಿನವೇ ಮಾಡಬೇಕಾದ ಕೆಲಸ ಇನ್ನೊಂದಿದೆ: ಹೆಸರನ್ನು ಪಟ್ಟಿ ಮಾಡಿದ್ದ ಎಲ್ಲ ಮಾರುಕಟ್ಟೆಗಳಿಂದ ತೆಗೆಯುವುದು. ಒಂದು ಕಡೆ ಹಾಕಿದ ನಿಗದಿ ಬೆಲೆ ಅವರ ಜಾಲದಲ್ಲಿರುವ ಬೇರೆ ರಿಜಿಸ್ಟ್ರಾರುಗಳ ಹುಡುಕಾಟದಲ್ಲೂ ಕಾಣಿಸುತ್ತಿರುತ್ತದೆ. ತೆಗೆಯದಿದ್ದರೆ ನಮ್ಮದಲ್ಲದ ಹೆಸರನ್ನು ಯಾರೋ ‘ಈಗಲೇ ಕೊಳ್ಳಿ’ ಒತ್ತಿ ಕೊಂಡಿರುತ್ತಾರೆ, ಮಾರುಕಟ್ಟೆಯವರು ಒಪ್ಪಂದ ಮುರಿದಿರೆಂದು ನಮ್ಮ ಖಾತೆಗೆ ಬೀಗ ಹಾಕುತ್ತಾರೆ. ಪಟ್ಟಿಯಿಂದ ತೆಗೆದದ್ದು ಎಲ್ಲ ಕಡೆ ಇಳಿಯಲು ಒಂದೆರಡು ದಿನ ಬೇಕು. ಆಮೇಲೆ ಬೇರೊಂದು ಬ್ರೌಸರಿನಲ್ಲಿ ಆ ಹೆಸರನ್ನು ಹುಡುಕಿ, ಎಲ್ಲೂ ಬೆಲೆ ಕಾಣುತ್ತಿಲ್ಲವೆಂದು ನೋಡಿಕೊಂಡು, ಫೈಲು ಮುಚ್ಚಬಹುದು.